ಹಿಂಸಾದಾನವೂ ಮಕ್ಕಳ ಕೈಯ ಬಂದೂಕೂ

ಶ್ರಾವಕನ ಹನ್ನೆರಡು ವ್ರತಗಳಲ್ಲಿ ಐದು ಅಣುವ್ರತಗಳನ್ನು ನಮ್ಮ ಪಾಠಶಾಲೆಯ ಬಾಲಕರೂ ತಡವರಿಸದೆ ಹೇಳುತ್ತಾರೆ. ಗುಣವ್ರತಗಳಿಗೆ ಬಂದಾಗ ಹಿರಿಯರ ನಾಲಿಗೆಯೂ ತೊಡರುತ್ತದೆ. ಅವುಗಳಲ್ಲಿ ಅನರ್ಥದಂಡವಿರತಿಯಂತೂ ಹೆಸರಿಗೆ ಮಾತ್ರ ಉಳಿದಿದೆಯೆಂದರೆ ತಪ್ಪಾಗಲಾರದು. ಇದಕ್ಕೆ ಕಾರಣವೂ ಉಂಟು. ಉಪವಾಸಕ್ಕೆ ತಿಥಿಯಿದೆ, ಪಾರಣೆಯಿದೆ. ರಸಪರಿತ್ಯಾಗಕ್ಕೆ ಬಿಟ್ಟ ಪದಾರ್ಥದ ಲೆಕ್ಕವಿದೆ. ಅನರ್ಥದಂಡವಿರತಿಗೆ ಇಂತಹ ಹೊರಗಣ ಗುರುತು ಯಾವುದೂ ಇಲ್ಲ. ಪ್ರಯೋಜನವಿಲ್ಲದೆ ಪಾಪವನ್ನು ತಂದುಕೊಳ್ಳುವ ಕೆಲಸಗಳಿಂದ ಮನೋವಚನಕಾಯಗಳನ್ನು ಹಿಂತೆಗೆದುಕೊಳ್ಳುವುದೇ ಅದರ ಸ್ವರೂಪವಾದ್ದರಿಂದ, ಅದನ್ನು ಆಚರಿಸುವವನನ್ನು ಯಾರೂ ಗುರುತಿಸಿ ಕೊಂಡಾಡುವುದಿಲ್ಲ, ಮೀರಿದವನನ್ನು ಯಾರೂ ಕೇಳುವುದಿಲ್ಲ.

ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಅನರ್ಥದಂಡವನ್ನು ಐದಾಗಿ ವಿಂಗಡಿಸಿದ್ದಾರೆ: ಪಾಪೋಪದೇಶ, ಹಿಂಸಾದಾನ, ಅಪಧ್ಯಾನ, ದುಃಶ್ರುತಿ, ಪ್ರಮಾದಚರ್ಯೆ. ಇಂದಿನ ಪಾಠಕ್ಕೆ ನಾವು ತೆಗೆದುಕೊಳ್ಳುವುದು ಎರಡನೆಯದನ್ನು ಮತ್ತು ಕೊನೆಯದನ್ನು. ಕೊಡಲಿ, ಕತ್ತಿ, ಗುದ್ದಲಿ, ಬೆಂಕಿ, ಆಯುಧ, ವಿಷ, ಸಂಕೋಲೆ ಮೊದಲಾದ ವಧಕ್ಕೆ ಸಾಧನವಾಗುವ ವಸ್ತುಗಳನ್ನು ಪರರ ಕೈಗೆ ಕೊಡುವುದು ಹಿಂಸಾದಾನ. ದಾನವೆಂಬ ಪುಣ್ಯಶಬ್ದವು ಇಲ್ಲಿ ಪಾಪದ ಹೆಸರಾಗಿರುವುದನ್ನು ಓದುಗರು ಗಮನಿಸಬೇಕು. ಕೊಟ್ಟವನು ತಾನು ಹೊಡೆಯಲಿಲ್ಲ, ಹೊಡೆಯೆಂದೂ ಹೇಳಲಿಲ್ಲ. ಆದರೂ ಆಚಾರ್ಯರು ಆ ಲೆಕ್ಕವನ್ನು ಕೊಟ್ಟವನ ಹೆಸರಿನಲ್ಲಿಯೇ ಬರೆದಿದ್ದಾರೆ. ಆ ಕಾಲದ ಪಟ್ಟಿಯಲ್ಲಿ ಬಂದೂಕು ಇರಲು ಸಾಧ್ಯವಿರಲಿಲ್ಲ. ಇಂದು ಅದನ್ನು ಸೇರಿಸುವುದಕ್ಕೆ ಯಾರ ಅಡ್ಡಿಯೂ ಇರಲಾರದು. ಆದರೆ ಬಂದೂಕಿನಂತೆ ಕಾಣುವ ಆಟಿಕೆಯೂ ಆ ಪಟ್ಟಿಗೆ ಸೇರುತ್ತದೆಯೇ? ಗುಂಡು ಹಾರದ, ಒಂದು ಇರುವೆಯನ್ನೂ ಕೊಲ್ಲಲಾರದ ಪ್ಲಾಸ್ಟಿಕ್ಕಿನ ವಸ್ತುವನ್ನು ಮೊಮ್ಮಗನಿಗೆ ಕೊಡಿಸಿದ ಅಜ್ಜನು ವ್ರತಭಂಗ ಮಾಡಿದನೇ? ಸ್ವಾಧ್ಯಾಯದ ಕೂಟಗಳಲ್ಲಿ ಈ ಪ್ರಶ್ನೆ ಬರುವುದುಂಟು.

ಇದಕ್ಕೆ ಉತ್ತರವಾಗಿ ಕೆಲವರು ಒಡನೆಯೇ ಯಶೋಧರನ ಕಥೆಯನ್ನು ಮುಂದಿಡುತ್ತಾರೆ. ಜನ್ನ ಕವಿಯು ೧೨೦೯ರಲ್ಲಿ ರಚಿಸಿದ ಯಶೋಧರ ಚರಿತೆಯಲ್ಲಿ ಅರಸನು ಕಡಿದದ್ದು ಹಿಟ್ಟಿನ ಕೋಳಿಯನ್ನು. ಜೀವವಿಲ್ಲದ ಆ ಪ್ರತಿಕೃತಿಯನ್ನು ಬಲಿಕೊಟ್ಟ ಸಂಕಲ್ಪಮಾತ್ರದಿಂದಲೇ ಅವನೂ ಅವನ ತಾಯಿ ಚಂದ್ರಮತಿಯೂ ಹಲವು ತಿರ್ಯಗ್ಜನ್ಮಗಳಲ್ಲಿ ತೊಳಲಿದರು. ಹಾಗಿರುವಾಗ ಆಟಿಕೆಯ ಬಂದೂಕನ್ನು ಹಿಡಿದು ಗೆಳೆಯನಿಗೆ ಗುರಿಯಿಟ್ಟ ಮಗುವಿಗೂ ಸಂಕಲ್ಪೀಹಿಂಸೆ ತಪ್ಪದೆಂಬುದು ಇವರ ವಾದ. ನನಗೆ ಇದು ಸಮ್ಮತವಲ್ಲ. ಯಶೋಧರನು ಪ್ರಾಯಪ್ರಬುದ್ಧನಾದ ಅರಸು. ಬಲಿ ಪಾಪವೆಂದು ಅರಿತಿದ್ದವನು. ಅರಿತೂ ಕೋಳಿಯೆಂಬ ಭಾವದಿಂದಲೇ ಅದನ್ನು ಕಡಿದನು. ಗೆಳೆಯನು ಸುಳ್ಳುಸುಳ್ಳೇ ಬಿದ್ದು ಮತ್ತೆ ಎದ್ದು ಬಂದು ಆಡಬೇಕೆಂದೇ ಬಯಸುವ ಮಗುವಿನ ಭಾವ ಅಂತಹುದಲ್ಲ. ಬಿದಿರಿನ ಕೊಳವೆಗೆ ಹಸಿಕಾಯಿ ತುರುಕಿ ಹೊಡೆಯುವ ಆಟವನ್ನೂ, ಅಡಿಪಟ್ಟಿಯನ್ನೇ ಕೋವಿಯೆಂದು ಹಿಡಿಯುವ ಆಟವನ್ನೂ ನಾನು ಶಾಲೆಯ ಬಯಲಿನಲ್ಲಿ ಮೂವತ್ತಕ್ಕೂ ಹೆಚ್ಚು ವರ್ಷ ಕಂಡಿದ್ದೇನೆ. ಆ ಹುಡುಗರಲ್ಲಿ ಬಹುಮಂದಿ ಒಳ್ಳೆಯ ಗೃಹಸ್ಥರೇ ಆದರು.

ಆದರೂ ಆ ಕಥೆಯಲ್ಲಿ ನಮ್ಮ ಪ್ರಶ್ನೆಗೆ ಸಲ್ಲುವ ಒಂದು ಅಂಶವಿದೆ. ಯಶೋಧರನು ಬಲಿಯನ್ನು ಬೇಡವೆಂದಿದ್ದನು. ಹಿಟ್ಟಿನದಾದರೂ ಸರಿಯೆಂದು ಅವನ ಕೈಯಿಂದ ಆ ಕೆಲಸವನ್ನು ಮಾಡಿಸಿದವಳು ತಾಯಿ. ಕೃತ, ಕಾರಿತ, ಅನುಮೋದಿತವೆಂಬ ಮೂರರಲ್ಲಿ ಅವಳದು ಕಾರಿತ. ಪ್ರತಿಕೃತಿಯನ್ನು ಕೈಗೆ ಕೊಟ್ಟ ಹಿರಿಯರ ಪಾಲನ್ನು ಕವಿ ಮರೆಯಲಿಲ್ಲ. ಆದ್ದರಿಂದ ಮಗುವಿನ ಆಟದಲ್ಲಿ ಪಾಪವನ್ನು ಹುಡುಕುವುದನ್ನು ಬಿಟ್ಟು, ಕೊಡುವ ಕೈಯನ್ನು ವಿಚಾರಿಸುವುದು ಯುಕ್ತ.

ಕೊಡುವ ಕೈ ಏನು ಕೊಡುತ್ತಿದೆ? ಹಿಂದೆ ದೀಪಾವಳಿಯಲ್ಲಿ ಮಕ್ಕಳಿಗೆ ಸಿಗುತ್ತಿದ್ದ ತಗಡಿನ ಕೇಪು ಪಿಸ್ತೂಲನ್ನು ಯಾರೂ ನಿಜವಾದ ಪಿಸ್ತೂಲೆಂದು ತಿಳಿಯುವಂತಿರಲಿಲ್ಲ. (ವರ್ಧಮಾನ ಸ್ವಾಮಿಯ ನಿರ್ವಾಣಪೂಜೆಯನ್ನು ಬೆಳಿಗ್ಗೆ ಮುಗಿಸಿ, ಅದೇ ಬಸದಿಯ ಮುಂದೆ ಸಂಜೆ ಮಕ್ಕಳ ಕೈಗೆ ಕೇಪಿನ ಸುರುಳಿ ಕೊಡುವ ನಮ್ಮ ಪದ್ಧತಿಯ ಬಗ್ಗೆ ಬೇರೆ ಹೇಳಬೇಕಾದದ್ದಿದೆ, ಅದು ಇನ್ನೊಂದು ಪಾಠವಾದೀತು.) ಈಗ ಅಂಗಡಿಗಳಲ್ಲಿಯೂ ಜಾತ್ರೆಗಳಲ್ಲಿಯೂ ದೊರೆಯುವ ಆಟಿಕೆಗಳಲ್ಲಿ ಕೆಲವು ಬಣ್ಣ, ಅಳತೆ, ನಳಿಗೆ, ಹಿಡಿಗಳಲ್ಲಿ ನಿಜವಾದ ಆಯುಧದ ಅಚ್ಚಿನಂತಿರುತ್ತವೆ. ಪ್ಲಾಸ್ಟಿಕ್ಕಿನ ಗುಂಡನ್ನು ಗಾಳಿಯ ಒತ್ತಡದಿಂದ ಹಾರಿಸುವ ಬಗೆಯವು ಹತ್ತು ಮಾರು ದೂರದಿಂದ ನೋಡಿದರೆ ಬಲ್ಲವರಿಗೂ ಭೇದ ತಿಳಿಯದಷ್ಟು ಹೋಲುತ್ತವೆ. ಇಂತಹ ವಸ್ತುವಿನಿಂದ ಏನಾಗಬಹುದೆಂಬುದನ್ನು ಬಂದೂಕುಗಳು ಮನೆಮನೆಯಲ್ಲಿ ತುಂಬಿರುವ ಅಮೆರಿಕ ದೇಶ ಕಂಡುಂಡಿದೆ.

೨೦೧೪ನೆಯ ನವೆಂಬರ್ ೨೨ರಂದು ಓಹಾಯೋ ಸಂಸ್ಥಾನದ ಕ್ಲೀವ್‌ಲೆಂಡ್ ನಗರದ ಉದ್ಯಾನವೊಂದರಲ್ಲಿ ಟಮೀರ್ ರೈಸ್ ಎಂಬ ೧೨ ವರ್ಷದ ಬಾಲಕನು ಇಂತಹದೊಂದು ಆಟಿಕೆಯನ್ನು ಹಿಡಿದು ಆಡುತ್ತಿದ್ದನು. ಅದನ್ನು ಕಂಡ ಒಬ್ಬರು ಪೋಲೀಸರಿಗೆ ದೂರವಾಣಿ ಮಾಡಿದರು. ಅದು ಬಹುಶಃ ನಕಲಿಯಾಗಿರಬಹುದೆಂದೂ, ಹಿಡಿದವನು ಬಹುಶಃ ಹುಡುಗನೆಂದೂ ಅವರು ಹೇಳಿದ್ದರು. ಆ ಮಾತು ಸ್ಥಳಕ್ಕೆ ಹೋದ ಅಧಿಕಾರಿಗಳಿಗೆ ತಲುಪಲಿಲ್ಲ. ವಾಹನವು ಬಂದು ನಿಂತ ಎರಡು ಸೆಕೆಂಡುಗಳೊಳಗೆ ಅಧಿಕಾರಿ ಗುಂಡು ಹಾರಿಸಿದನು. ಬಾಲಕನು ಮರುದಿನ ತೀರಿಕೊಂಡನು. ಆ ಆಟಿಕೆ ಗೆಳೆಯನೊಬ್ಬನಿಂದ ಕೈಬದಲಾಗಿ ಬಂದದ್ದು. ಆಟಿಕೆಯೆಂದು ತಿಳಿಯಲೆಂದು ಅದರ ನಳಿಗೆಯ ತುದಿಗೆ ಹಾಕಿರುತ್ತಿದ್ದ ಕಿತ್ತಳೆ ಬಣ್ಣದ ಗುರುತು ಅದರಲ್ಲಿ ಉಳಿದಿರಲಿಲ್ಲ. ೨೦೧೫ರ ಡಿಸೆಂಬರಿನಲ್ಲಿ ಅಲ್ಲಿಯ ನ್ಯಾಯಮಂಡಲಿಯು ಅಧಿಕಾರಿಗಳ ಮೇಲೆ ಮೊಕದ್ದಮೆ ಬೇಡವೆಂದಿತು; ೨೦೧೬ರಲ್ಲಿ ನಗರಾಡಳಿತವು ಕುಟುಂಬಕ್ಕೆ ೬೦ ಲಕ್ಷ ಡಾಲರು ಕೊಡಲು ಒಪ್ಪಿತು. ಇದಕ್ಕೆ ಒಂದು ವರ್ಷ ಮುಂಚೆ, ೨೦೧೩ರ ಅಕ್ಟೋಬರ್ ೨೨ರಂದು, ಕ್ಯಾಲಿಫೋರ್ನಿಯದ ಸಾಂಟಾ ರೋಸಾದಲ್ಲಿ ೧೩ ವರ್ಷದ ಬಾಲಕನೊಬ್ಬನು ಸೈನಿಕರ ಬಂದೂಕಿನಂತಿದ್ದ ಆಟಿಕೆಯೊಂದನ್ನು ಹಿಡಿದು ಹಾದಿಯಲ್ಲಿ ನಡೆದು ಹೋಗುತ್ತಿದ್ದಾಗ ಇದೇ ರೀತಿ ಹತನಾದನು. ಅದರಲ್ಲಿಯೂ ಕಿತ್ತಳೆಯ ತುದಿ ಇರಲಿಲ್ಲ.

ಆ ಗುರುತನ್ನು ಕಡ್ಡಾಯ ಮಾಡಿದ ಕಾನೂನು ಅಮೆರಿಕದಲ್ಲಿ ಆದದ್ದು ೧೯೮೮ರಲ್ಲಿ. ಕಾನೂನು ಮಾಡಿದವರ ಉದ್ದೇಶ ಒಳ್ಳೆಯದೇ. ಆದರೆ ಆಟಿಕೆಯನ್ನು ಬಿಚ್ಚಿ ಜೋಡಿಸುವುದು ಹುಡುಗರ ಸ್ವಭಾವ. ತುದಿ ಮುರಿಯುತ್ತದೆ, ಕಳಚುತ್ತದೆ, ಕೆಲವು ವೇಳೆ ನಿಜವಾದದ್ದರಂತೆ ಕಾಣಲೆಂದೇ ತೆಗೆಯಲ್ಪಡುತ್ತದೆ. ಮಗುವಿನ ಬೆರಳಿಗೆ ಸಿಗುವ ಒಂದು ಚೂರು ಪ್ಲಾಸ್ಟಿಕ್ಕಿನ ಮೇಲೆ ಪ್ರಾಣರಕ್ಷಣೆಯನ್ನು ನಿಲ್ಲಿಸಿದಂತಾಯಿತು. ಸಾಂಟಾ ರೋಸಾದ ಘಟನೆಯ ಬಳಿಕ ಕ್ಯಾಲಿಫೋರ್ನಿಯವು ೨೦೧೪ರಲ್ಲಿ ಇನ್ನೊಂದು ಶಾಸನವನ್ನು ಮಾಡಿ, ಇಂತಹ ಆಟಿಕೆಗಳು ಎದ್ದು ಕಾಣುವ ಬಣ್ಣವನ್ನು ಹೊಂದಿರಬೇಕೆಂದು ವಿಧಿಸಿತು. ಬ್ರಿಟನ್ನಿನ ೨೦೦೬ರ ಶಾಸನವು ಇದಕ್ಕೂ ಮುಂದೆ ಹೋಗಿ, ನಿಜವಾದ ಆಯುಧವನ್ನು ಹೋಲುವ ನಕಲಿಗಳ ತಯಾರಿಕೆ, ಆಮದು, ಮಾರಾಟಗಳನ್ನು ಕೆಲವು ವಿನಾಯಿತಿಗಳೊಂದಿಗೆ ನಿಷೇಧಿಸಿತು. ೧೮ ವರ್ಷ ತುಂಬದವರಿಗೆ ಯಾವ ನಕಲಿ ಬಂದೂಕನ್ನೂ ಮಾರಕೂಡದೆಂದಿತು. ಅಲ್ಲಿ ಭಾರವು ಮಾರುವವನ ಮೇಲೆ ಬಿದ್ದಿತು. ನಮ್ಮ ಆಚಾರ್ಯರ ವಿಧಾನಕ್ಕೆ ಇದು ಹೆಚ್ಚು ಹತ್ತಿರವೆಂದು ನನಗನ್ನಿಸುತ್ತದೆ.

ಇಲ್ಲಿಯವರೆಗೆ ಹೇಳಿದ್ದು ಆಟಿಕೆಯನ್ನು ಕಂಡ ದೊಡ್ಡವರು ನಿಜವೆಂದು ಭ್ರಮಿಸಿದ ಬಗೆ. ಇದರ ಇನ್ನೊಂದು ಮುಖ ಹೆಚ್ಚು ಘೋರ: ನಿಜವಾದದ್ದನ್ನು ಕಂಡ ಮಗು ಆಟಿಕೆಯೆಂದು ತಿಳಿಯುವುದು. ಅಟ್ಲಾಂಟಾ ನಗರದ ವೈದ್ಯರು ಮಾಡಿದ ಒಂದು ಪರೀಕ್ಷೆಯ ವರದಿ ೨೦೦೧ರಲ್ಲಿ ಮಕ್ಕಳ ವೈದ್ಯರ ಪತ್ರಿಕೆಯೊಂದರಲ್ಲಿ ಪ್ರಕಟವಾಯಿತು. ೮ರಿಂದ ೧೨ ವರ್ಷದ ೬೪ ಬಾಲಕರನ್ನು ೨೯ ಗುಂಪುಗಳಾಗಿ ಮಾಡಿ, ಒಂದೊಂದು ಗುಂಪನ್ನೂ ಒಂದು ಕೋಣೆಯಲ್ಲಿ ಬಿಟ್ಟು ಮರೆಯ ಗಾಜಿನಿಂದ ನೋಡಿದರು. ಅಲ್ಲಿಯ ಮೇಜಿನಂತಹ ಪೆಟ್ಟಿಗೆಯ ಬೇರೆ ಬೇರೆ ಖಾನೆಗಳಲ್ಲಿ ಎರಡು ನೀರು ಚಿಮ್ಮುವ ಆಟಿಕೆಗಳನ್ನೂ, ಗುಂಡು ತುಂಬದ ನಿಜವಾದ ಒಂದು ಪಿಸ್ತೂಲನ್ನೂ ಇಟ್ಟಿದ್ದರು. ಬಂದೂಕಿನ ಕುದುರೆಯನ್ನು, ಅಂದರೆ ಬೆರಳಿನಿಂದ ಎಳೆಯುವ ಕೀಲನ್ನು, ಗುಂಡು ಹಾರುವಷ್ಟು ಬಲದಿಂದ ಎಳೆದರೆ ಹೊರಗೆ ದೀಪ ಹೊತ್ತಿಕೊಳ್ಳುವಂತೆ ಏರ್ಪಾಡು ಮಾಡಿದ್ದರು. ೨೧ ಗುಂಪುಗಳಿಗೆ ಪಿಸ್ತೂಲು ಸಿಕ್ಕಿತು. ೧೬ ಗುಂಪುಗಳು ಅದನ್ನು ಕೈಗೆತ್ತಿಕೊಂಡವು. ೧೦ ಗುಂಪುಗಳಲ್ಲಿ ಒಬ್ಬನಾದರೂ ಕುದುರೆಯನ್ನು ಎಳೆದನು. ಪಿಸ್ತೂಲನ್ನು ಕಂಡ ೪೮ ಬಾಲಕರಲ್ಲಿ ಹೆಚ್ಚುಕಡಿಮೆ ಅರ್ಧಕ್ಕೆ ಅದು ಆಟಿಕೆಯೆಂದು ತೋರಿತ್ತು, ಇಲ್ಲವೆ ನಿಜವೋ ಅಲ್ಲವೋ ತಿಳಿದಿರಲಿಲ್ಲ. ತಮ್ಮ ಮಗನಿಗೆ ಬಂದೂಕಿನಲ್ಲಿ ಆಸಕ್ತಿಯಿಲ್ಲವೆಂದು ನಂಬಿದ್ದ ತಂದೆತಾಯಿಗಳ ಮಕ್ಕಳೂ ಉಳಿದವರಷ್ಟೇ ಅದನ್ನು ಮುಟ್ಟಿದರು. ಇವೆಲ್ಲಕ್ಕಿಂತ ನನ್ನ ಮನಸ್ಸನ್ನು ತಟ್ಟಿದ್ದು ಕೊನೆಯ ಅಂಶ. ಪಿಸ್ತೂಲನ್ನು ಮುಟ್ಟಿದ ಅಥವಾ ಕುದುರೆಯನ್ನೆಳೆದ ಬಾಲಕರಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಮಂದಿ ಬಂದೂಕಿನ ಅಪಾಯದ ಬಗ್ಗೆ ಯಾವುದೋ ಒಂದು ಬಗೆಯ ಬುದ್ಧಿವಾದವನ್ನು ಮೊದಲೇ ಕೇಳಿದ್ದವರು.

ಜೀವಮಾನವೆಲ್ಲ ಮಕ್ಕಳಿಗೆ ಬುದ್ಧಿ ಹೇಳಿದವನಿಗೆ ಇದು ಸಿಹಿಯಾದ ಸುದ್ದಿಯಲ್ಲ. ಆದರೆ ಶಾಸ್ತ್ರಕ್ಕೆ ಇದು ಹೊಸದೇನೂ ಅಲ್ಲ. ಎಂಟು ವರ್ಷ ತುಂಬುವ ಮುನ್ನ ಮಗುವಿಗೆ ವ್ರತಯೋಗ್ಯತೆಯಿಲ್ಲವೆಂದು ನಮ್ಮ ಪರಂಪರೆ ಹೇಳುತ್ತದೆ. ತುಂಬಿದ ಬಳಿಕವೂ ಅದರ ಹಿಡಿತ ದೃಢವಾಗಲು ಕಾಲ ಬೇಕು. ಮಗುವಿನಿಂದ ‘ಮುಟ್ಟುವುದಿಲ್ಲ’ ಎಂದು ಪ್ರತಿಜ್ಞೆ ಮಾಡಿಸಿ, ತಾವು ಬೀರುವಿಗೆ ಬೀಗ ಹಾಕದೆ ಮಲಗುವ ಹಿರಿಯರು ತಮ್ಮ ವ್ರತವನ್ನು ಮಗುವಿನ ತಲೆಗೆ ಕಟ್ಟಿದಂತಾಗುತ್ತದೆ.

ಇನ್ನು ಇಡುವ ಕ್ರಮ. ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯದಲ್ಲಿ ಆಸ್ರವಕ್ಕೆ ಕಾರಣವಾಗುವ ಅಜೀವಾಧಿಕರಣಗಳನ್ನು ಹೇಳುವಾಗ ನಿಕ್ಷೇಪ, ಅಂದರೆ ವಸ್ತುವನ್ನು ಇಡುವುದು, ಒಂದು ಅಧಿಕರಣವಾಗಿ ಎಣಿಸಲ್ಪಟ್ಟಿದೆ. ಪೂಜ್ಯಪಾದರು ಅದನ್ನು ನಾಲ್ಕಾಗಿ ವಿವರಿಸುತ್ತಾರೆ. ನೋಡದೆ ಇಡುವುದು ಅಪ್ರತ್ಯವೇಕ್ಷಿತ. ಸರಿಯಾಗಿ ಶೋಧಿಸದೆ ಇಡುವುದು ದುಷ್ಪ್ರಮೃಷ್ಟ. ಅವಸರದಲ್ಲಿ ಇಡುವುದು ಸಹಸಾ. ಗಮನವೇ ಇಲ್ಲದೆ ಕಂಡಲ್ಲಿ ಇಡುವುದು ಅನಾಭೋಗ. ಕ್ರಿಮಿಕೀಟಗಳ ರಕ್ಷಣೆಗಾಗಿ ಹೇಳಿದ ಈ ಭೇದಗಳನ್ನು ಮನೆಯಲ್ಲಿ ಬಂದೂಕಿರುವ ಗೃಹಸ್ಥನು ಒಮ್ಮೆ ತನಗೆ ಹಚ್ಚಿ ನೋಡಲಿ. ಈಡು ಒಳಗಿದೆಯೋ ಇಲ್ಲವೋ ನೋಡದೆ ಗೋಡೆಗೆ ಒರಗಿಸುವುದು ಮೊದಲನೆಯದು. ಒಂದು ನಳಿಗೆಯ ತೋಟಾ ತೆಗೆದು ಇನ್ನೊಂದನ್ನು ಮರೆಯುವುದು ಎರಡನೆಯದು. ಹಂದಿ ಬಂದಿತೆಂದು ಓಡಿ, ಮರಳಿ ಬಂದು ಜಗಲಿಯ ಮೇಲೆ ಹಾಗೆಯೇ ಬಿಟ್ಟು ಕಾಫಿಗೆ ಕೂರುವುದು ಮೂರನೆಯದು. ದಿಂಬಿನ ಕೆಳಗೆ, ಅಕ್ಕಿಯ ಪೆಟ್ಟಿಗೆಯ ಹಿಂದೆ, ಕೈಚೀಲದಲ್ಲಿ ಇಟ್ಟು ಅದನ್ನೇ ಮರೆತುಬಿಡುವುದು ನಾಲ್ಕನೆಯದು.

ಇದಕ್ಕಿಂತಲೂ ನೇರವಾದ ಮಾತು ಶ್ವೇತಾಂಬರ ಪರಂಪರೆಯಲ್ಲಿ ದೊರೆಯುತ್ತದೆ. ಅನರ್ಥದಂಡವಿರತಿಯ ಐದು ಅತಿಚಾರಗಳಲ್ಲಿ ನಮ್ಮವರು ನಾಲ್ಕನೆಯದನ್ನು ಅಸಮೀಕ್ಷ್ಯಾಧಿಕರಣವೆಂದು ಹೇಳಿದರೆ, ಅವರು ಆ ಸ್ಥಾನದಲ್ಲಿ ಸಂಯುಕ್ತಾಧಿಕರಣವನ್ನು ಹೇಳುತ್ತಾರೆ. ಜೋಡಿಸಿದರೆ ಮಾತ್ರ ಕೆಲಸ ಮಾಡುವ ಉಪಕರಣಗಳನ್ನು ಜೋಡಿಸಿಯೇ ಇಡುವುದು ದೋಷವೆಂದು ಅದರ ಅರ್ಥ. ಒರಳಿನೊಡನೆ ಒನಕೆ, ನೇಗಿಲಿನೊಡನೆ ಗುಳ, ಬಿಲ್ಲಿನೊಡನೆ ಬಾಣ ಕೂಡಿಸಿ ಇಡಬಾರದು. ಸಿದ್ಧವಾಗಿ ಕಂಡದ್ದನ್ನು ಬಂದವನು ಎತ್ತಿಕೊಂಡು ಹೋಗುವನೆಂದು ಹೇಮಚಂದ್ರಾದಿಗಳು ವಿವರಿಸಿದ್ದಾರೆ. ಬಿಲ್ಲು ಬಾಣಗಳ ಜಾಗದಲ್ಲಿ ಕೋವಿ ತೋಟಾಗಳನ್ನು ಇಟ್ಟು ಓದಿರಿ. ಇಂದು ಅಮೆರಿಕದ ಮಕ್ಕಳ ವೈದ್ಯರ ಸಂಘವು ಹೇಳುತ್ತಿರುವುದೂ ಇದನ್ನೇ: ಮಕ್ಕಳಿರುವ ಮನೆಯಲ್ಲಿ ಬಂದೂಕು ಇಲ್ಲದಿರುವುದೇ ಉತ್ತಮ, ಇರಲೇಬೇಕಾದರೆ ಗುಂಡನ್ನು ಹೊರತೆಗೆದು ಬೀಗದಲ್ಲಿಡಬೇಕು, ಗುಂಡುಗಳು ಬೇರೆಡೆ, ಬೇರೆ ಬೀಗದಲ್ಲಿರಬೇಕು. ಎಷ್ಟೋ ಶತಮಾನಗಳ ಹಿಂದೆ ಒನಕೆಯನ್ನು ಕುರಿತು ಹೇಳಿದ ಮಾತು ಇಲ್ಲಿ ಅಕ್ಷರಶಃ ಸಲ್ಲುತ್ತದೆ.

ಹೀಗೆ ಇಡದಿದ್ದರೆ ಹೊಣೆ ಯಾರದು? ಮಕ್ಕಳಿಗೆ ಸಿಗುವಂತೆ ಬಂದೂಕನ್ನಿಟ್ಟ ಹಿರಿಯರನ್ನು ಶಿಕ್ಷಿಸುವ ಶಾಸನವನ್ನು ಅಮೆರಿಕದಲ್ಲಿ ಮೊದಲು ಮಾಡಿದ್ದು ಫ್ಲೋರಿಡಾ ಸಂಸ್ಥಾನ, ೧೯೮೯ರಲ್ಲಿ. ೨೦೨೩ನೆಯ ಜನವರಿ ೬ರಂದು ವರ್ಜೀನಿಯದ ನ್ಯೂಪೋರ್ಟ್ ನ್ಯೂಸ್‌ನಲ್ಲಿ ಒಂದನೆಯ ತರಗತಿಯ ೬ ವರ್ಷದ ಬಾಲಕನು ತಾಯಿಯ ಪಿಸ್ತೂಲನ್ನು ಶಾಲೆಗೆ ತಂದು ತನ್ನ ಉಪಾಧ್ಯಾಯಿನಿಗೆ ಗುಂಡು ಹೊಡೆದನು. ಆಕೆ ಬದುಕಿದರು. ಬಾಲಕನ ಮೇಲೆ ಮೊಕದ್ದಮೆಯಾಗಲಿಲ್ಲ. ಮಗುವಿನ ವಿಷಯದಲ್ಲಿ ತೋರಿದ ನಿರ್ಲಕ್ಷ್ಯಕ್ಕಾಗಿ ತಾಯಿಗೆ ಅದೇ ವರ್ಷ ಎರಡು ವರ್ಷಗಳ ಸೆರೆವಾಸ ವಿಧಿಸಲಾಯಿತು. ಮಿಚಿಗನ್ನಿನ ಆಕ್ಸ್‌ಫರ್ಡ್ ಊರಿನಲ್ಲಿ ೨೦೨೧ರ ನವೆಂಬರ್ ೩೦ರಂದು ೧೫ ವರ್ಷದ ಹುಡುಗನೊಬ್ಬನು ಶಾಲೆಯಲ್ಲಿ ನಾಲ್ವರು ಸಹಪಾಠಿಗಳನ್ನು ಕೊಂದನು. ಆ ಪಿಸ್ತೂಲು ಕೆಲವೇ ದಿನಗಳ ಹಿಂದೆ ತಂದೆ ಕೊಡಿಸಿದ್ದು. ೨೦೨೪ರಲ್ಲಿ ತಂದೆತಾಯಿಗಳಿಬ್ಬರಿಗೂ ತಲಾ ೧೦ರಿಂದ ೧೫ ವರ್ಷಗಳ ಶಿಕ್ಷೆಯಾಯಿತು. ಹಿಂಸಾದಾನಕ್ಕೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆಯನ್ನು ನಾನು ಕಾಣೆ. ೨೦೨೦ನೆಯ ಇಸವಿಯಲ್ಲಿ ಆ ದೇಶದ ೧ರಿಂದ ೧೯ ವರ್ಷದವರ ಮರಣಕಾರಣಗಳಲ್ಲಿ ಬಂದೂಕು ವಾಹನಾಪಘಾತವನ್ನೂ ಹಿಂದಿಕ್ಕಿ ಮೊದಲ ಸ್ಥಾನಕ್ಕೆ ಬಂದಿತೆಂಬುದನ್ನೂ, ಅದರಲ್ಲಿ ಕೊಲೆ, ಆತ್ಮಹತ್ಯೆ, ಅಪಘಾತ ಮೂರೂ ಸೇರಿವೆಯೆಂಬುದನ್ನೂ ಇಲ್ಲಿ ಹೇಳಿಬಿಡುತ್ತೇನೆ.

ನಮ್ಮಲ್ಲಿ ಹಾಗಿಲ್ಲವೆಂದು ನಿಶ್ಚಿಂತರಾಗಬಹುದೇ? ಭಾರತದಲ್ಲಿ ೧೯೫೯ರ ಆಯುಧ ಶಾಸನದಂತೆ ಬಂದೂಕಿಗೆ ಪರವಾನಗಿ ಬೇಕು. ೨೧ ವರ್ಷ ತುಂಬದವರಿಗೆ ಅದು ಸಾಮಾನ್ಯವಾಗಿ ದೊರೆಯದು. ಕೊಡಗಿನ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಪರವಾನಗಿಯಿಂದ ಇರುವ ವಿನಾಯಿತಿಯನ್ನು ಕೇಂದ್ರ ಸರ್ಕಾರವು ೨೦೧೯ರಲ್ಲಿ ಇನ್ನು ಹತ್ತು ವರ್ಷಗಳಿಗೆ ಮುಂದುವರಿಸಿತು. ಕೈಲ್ ಪೊಳ್ದ್ ಹಬ್ಬದಲ್ಲಿ ಕೋವಿಗೆ ಹೂವಿಟ್ಟು ಪೂಜಿಸುವ ಆ ಜನ ಅದನ್ನು ಮನೆತನದ ಗೌರವವಾಗಿ ಕಾಣುತ್ತಾರೆ. ಮಲೆನಾಡಿನ ತೋಟಗಳಲ್ಲಿ ಬೆಳೆಯ ರಕ್ಷಣೆಗೆಂದು ಪರವಾನಗಿಯ ಕೋವಿಯನ್ನಿಟ್ಟುಕೊಂಡ ಮನೆಗಳುಂಟು. ಅವುಗಳಲ್ಲಿ ನಮ್ಮವರ ಮನೆಗಳೂ ಉಂಟು. ವಿರೋಧೀಹಿಂಸೆ ಗೃಹಸ್ಥನಿಗೆ ಸರ್ವಥಾ ನಿಷಿದ್ಧವಲ್ಲ. ಗೊಮ್ಮಟೇಶ್ವರನ ಮೂರ್ತಿಯನ್ನು ಮಾಡಿಸಿದ ಚಾವುಂಡರಾಯನು ಗಂಗರ ದಂಡನಾಯಕನಾಗಿದ್ದನು. ಆಯುಧವಿದ್ದ ಮಾತ್ರಕ್ಕೆ ಯಾರನ್ನೂ ಅವ್ರತಿಯೆನ್ನುವಂತಿಲ್ಲ. ಆದರೆ ಚುನಾವಣೆ ಬಂದಾಗ ಅಧಿಕಾರಿಗಳ ಆಜ್ಞೆಯಂತೆ ಕೋವಿಯನ್ನು ಠಾಣೆಗೆ ಒಯ್ದು ಒಪ್ಪಿಸಿ ರಸೀದಿ ಪಡೆದು ಬರುವ ಗೃಹಸ್ಥನು, ಬೇಸಗೆಯ ರಜೆಗೆ ಪೇಟೆಯಿಂದ ನಾಲ್ಕು ಮೊಮ್ಮಕ್ಕಳು ಬಂದಾಗ ಅದನ್ನು ಗೋಡೆಯ ಮೊಳೆಯಲ್ಲಿಯೇ ಬಿಡುವುದು ವಿಚಿತ್ರವಲ್ಲವೇ? ಪೇಟೆಯ ಮಗುವಿಗೆ ಕೋವಿಯೆಂದರೆ ಪರದೆಯ ಮೇಲೆ ಕಂಡದ್ದು, ಆಟಿಕೆಯ ಅಂಗಡಿಯಲ್ಲಿ ಮುಟ್ಟಿದ್ದು. ಮೊಳೆಯಲ್ಲಿರುವುದು ಅದರ ಅಣ್ಣನೆಂದು ಅದಕ್ಕೆ ಹೇಗೆ ಗೊತ್ತಾಗಬೇಕು?

ಅಮೆರಿಕದಲ್ಲಿ ನೆಲೆಸಿರುವ ನಮ್ಮ ಮಕ್ಕಳಿಗೆ ಬೇರೊಂದು ಸಂಕೋಚವಿದೆ. ಅವರ ಮನೆಯಲ್ಲಿ ಬಂದೂಕು ಇರಲಾರದು. ಆದರೆ ಮಗು ಆಡಲು ಹೋಗುವ ನೆರೆಮನೆಯಲ್ಲಿ ಇರಬಹುದು. ನಿಮ್ಮ ಮನೆಯಲ್ಲಿ ಬಂದೂಕಿದೆಯೇ, ಬೀಗದಲ್ಲಿದೆಯೇ ಎಂದು ಮಗುವನ್ನು ಕಳುಹಿಸುವ ಮುನ್ನ ಕೇಳಿರೆಂದು ಅಲ್ಲಿಯ ವೈದ್ಯರೇ ಸಲಹೆ ಕೊಡುತ್ತಾರೆ. ಕೇಳಿದರೆ ನೆರೆಯವರು ನೊಂದುಕೊಳ್ಳುವರೆಂದು ನಮ್ಮವರು ಹಿಂಜರಿಯಬಹುದು. ರಾತ್ರಿಭೋಜನವಿಲ್ಲ, ಕಂದಮೂಲ ಬೇಡ, ಜೇನು ಬೇಡವೆಂದು ಪರರ ಮನೆಯಲ್ಲಿ ನಿಸ್ಸಂಕೋಚವಾಗಿ ಹೇಳುವ ನಾಲಿಗೆಗೆ ಈ ಒಂದು ಪ್ರಶ್ನೆ ಭಾರವಾಗಬಾರದು. ಅದನ್ನೂ ಊಟದ ನಿಯಮದೊಡನೆ ಸೇರಿಸಿ ಒಂದೇ ಉಸಿರಿನಲ್ಲಿ ಕೇಳಿದರೆ ಸರಾಗವಾಗಿ ಸಲ್ಲುತ್ತದೆ.

ಆಟಿಕೆಯ ಪ್ರಶ್ನೆಗೆ ನನ್ನ ಉತ್ತರ ಇಷ್ಟು. ನೀರು ಚಿಮ್ಮುವ ಹಳದಿಹಸಿರಿನ ಆಟಿಕೆಯಿಂದ ವ್ರತಭಂಗವಾಯಿತೆಂದು ನಾನು ಹೇಳಲಾರೆ. ಬೇರೆ ಆಟಿಕೆ ಕೊಡಿಸಿದರೆ ಇನ್ನೂ ಒಳ್ಳೆಯದು. ಕಂಡವರು ಬೆಚ್ಚುವಷ್ಟು ನಿಜವನ್ನು ಹೋಲುವುದನ್ನು ಕೊಡುವುದು ಹಿಂಸಾದಾನದ ಅತಿಚಾರವೇ ಸರಿ. ಅದರಿಂದ ಮಗು ಕಲಿಯುವುದು ಎರಡು: ನಿಜಕ್ಕೂ ಆಟಕ್ಕೂ ಭೇದವಿಲ್ಲವೆಂಬುದು ಒಂದು, ಹಿರಿಯರು ಇದನ್ನು ಮೆಚ್ಚಿದ್ದಾರೆಂಬುದು ಇನ್ನೊಂದು. ಅನರ್ಥದಂಡವಿರತಿಯನ್ನು ಸ್ವೀಕರಿಸುವವರು ನಿಯಮದ ಮಾತಿನಲ್ಲಿಯೇ ‘ಆಯುಧವನ್ನೂ ಆಯುಧವೆಂದು ತೋರುವ ವಸ್ತುವನ್ನೂ ಕೊಳ್ಳುವುದಿಲ್ಲ, ಕೊಡುವುದಿಲ್ಲ, ಎರವಲಾಗಿಯೂ ಕೊಡುವುದಿಲ್ಲ’ ಎಂದು ಸೇರಿಸಿಕೊಳ್ಳಬಹುದು. ಎರವಲಿನ ಮಾತನ್ನು ಬಿಡಬಾರದು. ಕ್ಲೀವ್‌ಲೆಂಡಿನ ಆಟಿಕೆ ಬಂದದ್ದು ಆ ದಾರಿಯಲ್ಲಿಯೇ.

ಈಗಾಗಲೇ ಮನೆಯಲ್ಲಿರುವುದನ್ನು ಏನು ಮಾಡಬೇಕು? ವ್ರತದ ಹೆಸರಿನಲ್ಲಿ ಮಗುವಿನ ಕೈಯಿಂದ ಕಿತ್ತುಕೊಂಡರೆ ಅದು ಅತ್ತು ಇನ್ನೊಂದನ್ನು ಬಚ್ಚಿಟ್ಟುಕೊಳ್ಳುವುದನ್ನು ಕಲಿಯುತ್ತದೆ. ಕೂರಿಸಿಕೊಂಡು ಹೇಳಬೇಕು; ಬದಲಿಗೆ ಚೆ೦ಡನ್ನೋ ಗಾಳಿಪಟವನ್ನೋ ಕೊಡಬೇಕು. ಬೇಡವಾದ ಆಟಿಕೆಯನ್ನು ಮನೆಗೆಲಸದವಳ ಮಗುವಿಗೋ ಅನಾಥಾಲಯಕ್ಕೋ ಕೊಟ್ಟು ಪುಣ್ಯ ಕಟ್ಟಿಕೊಳ್ಳುವ ಯೋಚನೆ ಹಲವರಿಗೆ ಬರುತ್ತದೆ. ಅದು ಮತ್ತೆ ಹಿಂಸಾದಾನ. ಪಡೆದವನು ಬಡವನಾದ ಮಾತ್ರಕ್ಕೆ ದೋಷ ಕಡಿಮೆಯಾಗದು. ಮಗುವಿನ ಎದುರಿನಲ್ಲಿಯೇ, ಅದರ ಒಪ್ಪಿಗೆ ಪಡೆದು, ನಳಿಗೆಯನ್ನೂ ಹಿಡಿಯನ್ನೂ ಮುರಿದು ಬೇರೆ ಬೇರೆ ಮಾಡಿ ಹಾಕಬೇಕು. ಇಡಿಯಾಗಿ ಎಸೆದರೆ ತಿಪ್ಪೆಯಿಂದ ಹೆಕ್ಕಿ ಒರಸಿಕೊಳ್ಳುವ ಇನ್ನೊಂದು ಮಗು ಅದೇ ಬೀದಿಯಲ್ಲಿ ಇದ್ದೇ ಇರುತ್ತದೆ.